ಹರಿದ ಬಲೆ ಕಂಡವನು

ಶಿವಮೊಗ್ಗದಲ್ಲಿ ಬೆಳಗಿನ ಬಸ್ಸು ಹತ್ತಿದಾಗ ನನ್ನ ಚೀಲದಲ್ಲಿ ಎರಡು ಅಂಗಿ, ಹನ್ನೆರಡು ಪುಟದ ಭಾಷಣ ಮತ್ತು ಕಾರ್ಕಳದಿಂದ ಬಂದ ಒಂದು ಪೋಸ್ಟ್ ಕಾರ್ಡು ಇದ್ದವು. ಅದು ೧೯೭೫ರ ಡಿಸೆಂಬರ್. ತುರ್ತು ಪರಿಸ್ಥಿತಿ ಬಂದು ಆರು ತಿಂಗಳಾಗಿತ್ತು. ರಾಜ್ಯಶಾಸ್ತ್ರದ ಮೇಷ್ಟರಾದ ನನ್ನನ್ನು ಮಣಿಪಾಲದ ಓದುಗರ ಬಳಗವೊಂದು 'ಯಾವ ಬಗೆಯ ಸರಕಾರ ಯುದ್ಧ ಗೆಲ್ಲುತ್ತದೆ?' ಎಂಬ ವಿಷಯದ ಮೇಲೆ ಮಾತಾಡಲು ಕರೆದಿತ್ತು. ಉತ್ತರ ನನ್ನಲ್ಲಿ ಸಿದ್ಧವಾಗಿತ್ತು: ಹತ್ತು ಮಂದಿ ಇದ್ದಲ್ಲಿ ಹಾವು ಸಾಯದು, ಯುದ್ಧಕ್ಕೆ ಒಬ್ಬನೇ ಯಜಮಾನ ಬೇಕು. ವಾರಪತ್ರಿಕೆಯೊಂದರಲ್ಲಿ ಹಾಗೆಂದು ಬರೆದೂ ಇದ್ದೆ. ಅದನ್ನು ಓದಿದ ಸಂಜೀವ ಎಂಬ ನಿವೃತ್ತ ಹವಾಲ್ದಾರರು, "ನಾನು ಎರಡು ಯುದ್ಧ ನೋಡಿದವ. ನೀವು ಬರೆದದ್ದು ಸರಿಯಿಲ್ಲ. ಈ ಕಡೆ ಬಂದರೆ ಮನೆಗೆ ಬನ್ನಿ" ಎಂದು ಕಾರ್ಡು ಹಾಕಿದ್ದರು.

ಆಗುಂಬೆಯಲ್ಲಿ ಚಿಕ್ಕ ಬಸ್ಸಿಗೆ ಬದಲಾಯಿಸಿ ಘಾಟಿ ಇಳಿದೆವು. ಉಡುಪಿ ಮುಟ್ಟುವಾಗ ಮಧ್ಯಾಹ್ನ. ಡಿಸೆಂಬರಿನಲ್ಲೂ ಅಂಗಿ ಬೆನ್ನಿಗೆ ಅಂಟಿತ್ತು. ಬಸ್ ನಿಲ್ದಾಣದ ಹತ್ತಿರ ಕೋಣೆ ಹಿಡಿದು, ಬಿಸಿ ಗೋಳಿಬಜೆ ಎರಡು ಪ್ಲೇಟು ಮುಗಿಸಿ, ಭಾಷಣವನ್ನು ಕನ್ನಡಿಯೆದುರು ಓದಿದೆ. ಚೆನ್ನಾಗಿದೆ ಎನಿಸಿತು. ಕನ್ನಡಿ ಎಂದಾದರೂ ಬೇರೆ ಹೇಳಿದ್ದುಂಟೇ?

ಮರುದಿನ ಹದಿಮೂರು ಕಿಲೋಮೀಟರು ದೂರದ ಕಾಪುವಿಗೆ ದೀಪಸ್ತಂಭ ನೋಡಲೆಂದು ಹೋದೆ. ನೋಡಿದ್ದು ರಂಪಣಿ ಬಲೆ. ನಲವತ್ತು ಐವತ್ತು ಜನ ಎರಡು ಸಾಲಾಗಿ ನಿಂತು ದೊಡ್ಡ ಬಲೆಯೊಂದನ್ನು ಕಡಲಿನಿಂದ ದಡಕ್ಕೆ ಎಳೆಯುತ್ತಿದ್ದರು. ಬಿಳಿ ಮುಂಡಾಸಿನ ಮುದುಕರೊಬ್ಬರು ಕೂಗಿದಂತೆ ಎಲ್ಲರ ಕಾಲೂ ಹಿಂದೆ ಸರಿಯುತ್ತಿತ್ತು. ಅವರೇ ತಂಡದ ಮುಖ್ಯಸ್ಥ, ತಾಂಡೇಲ. ನನ್ನ ಸಿದ್ಧಾಂತ ಕಣ್ಣೆದುರೇ ನಡೆಯುತ್ತಿದೆಯಲ್ಲ ಎಂದು ಹಿಗ್ಗಿದೆ. ಅಷ್ಟರಲ್ಲಿ ನೀರಿನಲ್ಲಿದ್ದವನೊಬ್ಬ ಬಲೆ ಹರಿದಿದೆ ಎಂದು ಕಿರುಚಿದ. ತಾಂಡೇಲರು ಕೈ ಎತ್ತಿದ್ದೇ ತಡ, ಎಲ್ಲರೂ ನಿಂತರು. ಬಲೆ ಹರಿದಿರಲಿಲ್ಲ, ಪಾಚಿ ಸಿಕ್ಕಿತ್ತು ಅಷ್ಟೇ. ಆದರೂ ಅವನನ್ನು ಯಾರೂ ಬೈಯಲಿಲ್ಲ.

ಬಂಗುಡೆ ಮೀನು ದಡಕ್ಕೆ ಬಿದ್ದ ಮೇಲೆ ತಾಂಡೇಲರನ್ನು ಕೇಳಿದೆ: "ಸುಮ್ಮನೆ ಕೂಗಿ ಕೆಲಸ ನಿಲ್ಲಿಸಿದನಲ್ಲ, ನಿಮಗೆ ಸಿಟ್ಟು ಬರಲಿಲ್ಲವೇ?"

"ಅವನಿಗೆ ಬೈದರೆ ನಾಳೆ ನಿಜವಾಗಿ ಹರಿದಾಗ ಯಾರು ಕೂಗ್ತಾರೆ ಮಾರಾಯ್ರೆ?" ಎಂದರು. "ನೀರಿನಲ್ಲಿ ಬಲೆ ಇರುವಾಗ ನನ್ನ ಮಾತೇ ನಡೀಬೇಕು. ಆದರೆ ನನಗೆ ಇಲ್ಲಿಂದ ಎಂತ ಕಾಣ್ತದೆ? ನಮ್ಮಲ್ಲಿ ಒಂದು ಕಟ್ಟಳೆ ಉಂಟು. ಹರಿದದ್ದು ಕಂಡೂ ಸುಮ್ಮನಿದ್ದವನಿಗೆ ಆ ದಿವಸ ಮೀನಿನಲ್ಲಿ ಪಾಲಿಲ್ಲ."

ಅದನ್ನು ಪುಸ್ತಕದಲ್ಲಿ ಬರೆದುಕೊಂಡು ಪಡುಬಿದ್ರಿಗೆ ಬಂದು ಕಾರ್ಕಳದ ಬಸ್ಸು ಹಿಡಿದೆ. ಸಂಜೀವರ ಮನೆ ಆನೆಕೆರೆಯ ಹತ್ತಿರ. ಬೆಲ್ಲದ ಕಾಫಿ ಕೊಟ್ಟು, ಮಾತಿಗೆ ಮೊದಲು ಎಡಗಾಲನ್ನು ಸ್ಟೂಲಿನ ಮೇಲಿಟ್ಟರು. ಮೂರು ಬೆರಳು ಇರಲಿಲ್ಲ.

"ಅರುವತ್ತೆರಡರಲ್ಲಿ ಹಿಮಕ್ಕೆ ಹೋದದ್ದು ಮಾಷ್ಟ್ರೇ. ನಮಗೆ ಸರಿಯಾದ ಬೂಟು ಇರಲಿಲ್ಲ. ಇಲ್ಲ ಅಂತ ಮೇಲೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ."

"ಆಗಲೂ ನಮ್ಮದು ಪ್ರಜಾಪ್ರಭುತ್ವವೇ ಅಲ್ಲವೇ?" ನನಗೆ ಗೆದ್ದ ಖುಷಿ.

"ಹೌದು, ಸೋತೆವು. ಆದರೆ ಸೋತ ಮೇಲೆ ಪಾರ್ಲಿಮೆಂಟಿನಲ್ಲಿ ಬೈದರು, ಪೇಪರಿನಲ್ಲಿ ಬರೆದರು. ರಕ್ಷಣಾ ಮಂತ್ರಿ ಕುರ್ಚಿ ಬಿಟ್ಟು ಮನೆಗೆ ಹೋದ. ನನ್ನನ್ನು ಸ್ಟೋರಿಗೆ ಹಾಕಿದರು. ಎಪ್ಪತ್ತೊಂದರಲ್ಲಿ ಬೂಟು ಹಂಚಿದವ ನಾನೇ. ಆಚೆ ಕಡೆಯಿಂದ ಸೆರೆ ಸಿಕ್ಕಿದವರಿಗೆ ಕಂಬಳಿ ಕೊಟ್ಟವನೂ ನಾನೇ. ಅವರಲ್ಲಿ ಒಬ್ಬ ಹೇಳಿದ, 'ನಾವು ಗೆಲ್ತಾ ಇದ್ದೇವೆ ಅಂತ ನಿನ್ನೆವರೆಗೂ ನಮ್ಮ ರೇಡಿಯೊ ಹೇಳ್ತಿತ್ತು' ಅಂತ. ಅವರದ್ದು ಮಿಲಿಟರಿ ಸರಕಾರ, ಒಬ್ಬನದ್ದೇ ಮಾತು. ಅವನಿಗೆ ಬೇಡದ ಸುದ್ದಿ ಯಾರು ಹೇಳ್ತಾರೆ?"

ಕಾಲನ್ನು ಸ್ಟೂಲಿನಿಂದ ಇಳಿಸಿ ಅಂದರು: "ಈಗ ನಮ್ಮ ಪೇಪರಿನಲ್ಲೂ ಬೇಡದ ಸುದ್ದಿ ಬರುವುದಿಲ್ಲ. ನಾಳೆ ಯುದ್ಧ ಬಂದರೆ ಬೂಟು ಇಲ್ಲ ಅಂತ ಹೇಳುವವರು ಯಾರು? ಅದನ್ನು ಭಾಷಣದಲ್ಲಿ ಹೇಳಿ ಮಾಷ್ಟ್ರೇ. ನಾನು ಹೇಳಿದರೆ ಕೇಳುವವರಿಲ್ಲ, ನಿಮಗೆ ಮೈಕು ಕೊಡ್ತಾರೆ." ಹೇಳುತ್ತೇನೆ ಎಂದು ಮಾತು ಕೊಟ್ಟೆ.

ಆ ರಾತ್ರಿ ಉಡುಪಿಯಲ್ಲಿ ಹಳೆಯ ಹನ್ನೆರಡು ಪುಟ ಹರಿದು ಹೊಸದಾಗಿ ಒಂಬತ್ತು ಪುಟ ಬರೆದೆ. ಕಾಪುವಿನ ಬಲೆ, ಅರುವತ್ತೆರಡರ ಬೂಟು, ಎಪ್ಪತ್ತೊಂದರ ರೇಡಿಯೊ ಎಲ್ಲ ಬಂದವು. ಕೊನೆಯ ಪುಟದಲ್ಲಿ ಈಗಿನ ಪತ್ರಿಕೆಗಳ ಮಾತಿತ್ತು. ಇಪ್ಪತ್ತು ವರ್ಷ ಪಾಠ ಹೇಳಿದ ವಿಷಯ ಅಂದು ಮೊದಲ ಸಲ ಅರ್ಥವಾದಂತಿತ್ತು.

ಮೂರನೆಯ ದಿನ ಸಂಜೆ ಮಣಿಪಾಲದ ಗುಡ್ಡ ಹತ್ತಿದೆ. ಸಭೆಗೆ ಅರುವತ್ತು ಜನ ಬಂದಿದ್ದರು. ಬಳಗದ ಕಾರ್ಯದರ್ಶಿ ಕಿವಿಯ ಬಳಿ ಬಗ್ಗಿ, "ಸಾರ್, ಎದುರಿನ ಸಾಲಿನಲ್ಲಿ ಇಬ್ಬರು ಯಾರೋ ಗೊತ್ತಿಲ್ಲ. ಈಗಿನ ವಿಷಯ ಎಂತದೂ ಬೇಡ, ಅಲ್ವಾ?" ಎಂದರು. ನಾನು ಕೋಲೆ ಬಸವನ ಹಾಗೆ ತಲೆಯಾಡಿಸಿದೆ.

ಎಂಟು ಪುಟ ಓದಿದೆ. ಒಂಬತ್ತನೆಯದನ್ನು ಮಡಚಿ ಜೇಬಿಗಿಟ್ಟೆ. ನೌಕರಿ, ಇಬ್ಬರು ಹೆಣ್ಣುಮಕ್ಕಳು, ಎದುರಿನ ಸಾಲು ಎಲ್ಲವೂ ಒಟ್ಟಿಗೆ ಕಣ್ಣ ಮುಂದೆ ಬಂದವು. ಜೋರಾಗಿ ಚಪ್ಪಾಳೆ ಬಿತ್ತು. ಮಟ್ಟುಗುಳ್ಳದ ಬುಟ್ಟಿಯೊಂದನ್ನು ಪ್ರೀತಿಯಿಂದ ಕೈಗಿತ್ತರು. ಮಟ್ಟು ಊರಿನ ಆ ಬದನೆಕಾಯಿಗೆ ನಮ್ಮ ಕಡೆಯಲ್ಲೂ ಹೆಸರಿದೆ.

ಹಿಂದಿನ ಸಾಲಿನಿಂದ ಸಂಜೀವರು ಕುಂಟುತ್ತ ಬಂದರು. ಮೂವತ್ತೇಳು ಕಿಲೋಮೀಟರು ಬಸ್ಸಿನಲ್ಲಿ ಬಂದಿದ್ದರು. ಬೈದಿದ್ದರೆ ಹಗುರವಾಗುತ್ತಿತ್ತು.

"ಮಾತು ಚಂದ ಇತ್ತು ಮಾಷ್ಟ್ರೇ," ಎಂದರು. "ಎಲ್ಲ ಸರಿ ಉಂಟು ಅಂತಲೇ ಮೇಲೆ ಹೋಯಿತು, ಅಲ್ವಾ?" ಕೈ ಮುಗಿದು ಬಸ್ಸಿನ ಕಡೆ ಹೊರಟರು.

ಮಾರನೆಯ ದಿನ ಊರು ಸೇರಿದೆ. ರಾತ್ರಿ ಹೆಂಡತಿ ಗುಳ್ಳದ ಹುಳಿ ಮಾಡಿದಳು. ಮಕ್ಕಳು ಎರಡೆರಡು ಸಲ ಹಾಕಿಸಿಕೊಂಡು ಉಂಡರು. ಸೌಟು ನನ್ನ ಎಲೆಯ ಹತ್ತಿರ ಬಂದಾಗ ಕೈ ಅಡ್ಡ ಹಿಡಿದೆ.

"ಯಾಕ್ರೀ, ನಿಮಗೇ ಕೊಟ್ಟದ್ದಲ್ವಾ?" ಎಂದಳು.

"ಅದರಲ್ಲಿ ನನಗೆ ಪಾಲಿಲ್ಲ," ಎಂದೆ.