ಇಲಿಗಳ ನೆಮ್ಮದಿ ಕಾಯುವ ಇಲಿಯತ್ತೆ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕಿವಿಯ ಸಂಶೋಧನೆ ನಡೆಯುವ ಪ್ರಯೋಗಾಲಯದ ಬಚ್ಚಲಿನಿಂದ ಒಬ್ಬ ಹೆಂಗಸು ಒದ್ದೆ ಕೂದಲಲ್ಲಿ ಹೊರಬಂದು, ತಮ್ಮ ತೋಳನ್ನೇ ಮೂಸಿ ನೋಡಿಕೊಳ್ಳುತ್ತಾರೆ. ಆಮೇಲೆ, ಅವರ ಕೆಲಸ ನೋಡಲು ಬಂದಿರುವ ನನ್ನತ್ತ ತಿರುಗಿ, "ನೀವು ಸೆಂಟ್ ಹಾಕ್ಕೊಂಡಿಲ್ಲ ತಾನೆ?" ಎಂದು ಪಿಸುಗುಡುತ್ತಾರೆ. ಹಾಕಿಕೊಂಡಿದ್ದೇನೆ. ಹಾಗಾಗಿ ನನಗೆ ಗಾಜಿನ ಆಚೆಯೇ ಜಾಗ.

ಒಳಗೆ ಸಾಲುಸಾಲು ಪೆಟ್ಟಿಗೆಗಳಲ್ಲಿ ಇಲಿಗಳು. ಅವಕ್ಕೆ ನೀರಿಟ್ಟು, ಹಾಸು ಬದಲಿಸಿ, ಎಲ್ಲಕ್ಕಿಂತ ಮುಖ್ಯವಾಗಿ ಸದ್ದಿಗೋ ವಾಸನೆಗೋ ಗಾಬರಿಯಾಗದಂತೆ ನೋಡಿಕೊಳ್ಳುವುದು ಇವರ ಕೆಲಸ. ಇಲ್ಲಿ ಎಲ್ಲರಿಗೂ ಇವರು ಇಲಿಯತ್ತೆ.

ಗಾಬರಿಯಾದಾಗ ಮೈಯಲ್ಲಿ ಒಂದು ಹಾರ್ಮೋನು ಏರುತ್ತದೆ. ಅದನ್ನು ಹಿಡಿದುಕೊಳ್ಳುವ ಗ್ರಾಹಕಗಳು ಒಳಕಿವಿಯ ಜೀವಕೋಶಗಳಲ್ಲೂ ಇವೆ. ಜೋರು ಸದ್ದಿನ ಪೆಟ್ಟು ಬಿದ್ದಾಗ ಅವು ಕಿವಿಯನ್ನು ಎಷ್ಟರಮಟ್ಟಿಗೆ ಕಾಪಾಡುತ್ತವೆ ಎಂದು ಇಲ್ಲಿನ ಡಾಕ್ಟರಮ್ಮ ಹುಡುಕುತ್ತಿದ್ದಾರೆ. ಪರೀಕ್ಷೆಗೆ ಮೊದಲೇ ಇಲಿ ಹೆದರಿದ್ದರೆ ಲೆಕ್ಕವೆಲ್ಲ ತಲೆಕೆಳಗು. ಹೆದರಿತ್ತೋ ಇಲ್ಲವೋ ಎಂಬುದು ಅದರ ಹಿಕ್ಕೆಯನ್ನು ಪರೀಕ್ಷಿಸಿದರೆ ಗೊತ್ತಾಗುತ್ತದೆ. "ನನ್ ಮಾರ್ಕ್ಸ್‌ಕಾರ್ಡು ಹಿಕ್ಕೇನೇ," ಎಂದು ಇಲಿಯತ್ತೆ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾರೆ.

ಅಸಲಿಗೆ ಇವರದು ಗಂಟಲೆಂದರೆ ಗಂಟಲು. ಇವರ ಯಜಮಾನರು ತಗಡಿನ ಕಾರ್ಖಾನೆಯಲ್ಲಿ ದುಡಿದು ದುಡಿದು ಕಿವಿ ಕಳೆದುಕೊಂಡವರು. "ಮನೇಲಿ ನಾನು ಕೂಗಿದ್ರೆ ಪಕ್ಕದ್ಮನೆಯವ್ರು ಓಗೊಡ್ತಾರೆ, ಇವ್ರು ಮಾತ್ರ ಇಲ್ಲ. ಇಲ್ಲಿಗೆ ಬಂದ್ರೆ ಬಾಯಿಗೆ ಬೀಗ!"

ಇಷ್ಟೆಲ್ಲ ನಾಜೂಕಾಗಿದ್ದರೂ ಕಳೆದ ಸಲ ಇಲಿಗಳ ಹಾರ್ಮೋನು ಕಂಡಾಪಟ್ಟೆ ಏರಿ, ತಿಂಗಳುಗಟ್ಟಲೆಯ ಕೆಲಸ ನೀರುಪಾಲಾಯಿತು. ಫ್ಯಾನಿನ ಸದ್ದನ್ನು ಬೈದರು, ದೀಪ ಬದಲಿಸಿದರು. ಕೊನೆಗೆ ಡಾಕ್ಟರಮ್ಮನ ಕಣ್ಣಿಗೆ ಬಿದ್ದದ್ದು ಇಲಿಯತ್ತೆಯ ತೋಳಿಗೆ ಅಂಟಿದ್ದ ಒಂದು ಬಿಳಿ ಕೂದಲು. ಯಜಮಾನರು ಮನೆಗೆ ಬೆಕ್ಕಿನ ಮರಿ ತಂದಿದ್ದರು! "ಇಲಿ ನೋಡ್ಕೊಳ್ಳೋಳು ಬೆಕ್ಕಿನ ವಾಸ್ನೆ ಹೊತ್ಕೊಂಡು ಬಂದಿದೀನಿ. ನನ್ ಬುದ್ಧಿ ಎಲ್ಲಿ ಮೇಯೋಕೆ ಹೋಗಿತ್ತೋ!"

ಅಂದೇ ಮರಿ ಇಲಿಯತ್ತೆಯ ಅಕ್ಕನ ಮನೆ ಸೇರಿತು. ಯಜಮಾನರು ಮುಖ ಗಂಟು ಹಾಕಿಕೊಂಡು ಊಟ ಅರ್ಧಕ್ಕೆ ಬಿಡತೊಡಗಿದರು. ಇದು ಗೊತ್ತಾಗಿ ಡಾಕ್ಟರಮ್ಮನೇ ಒಂದು ದಾರಿ ಹೇಳಿದರು. ಮರಿ ಮನೆಗೆ ಬರಲಿ. ಇಲಿಯತ್ತೆ ದಿನಾ ಇಲ್ಲೇ ಸ್ನಾನ ಮಾಡಿ, ಇಲ್ಲಿಯದೇ ಬಟ್ಟೆ ಹಾಕಲಿ. ಸಂಶೋಧನೆಗೆ ಸೇರದ ಕೆಲವು ಇಲಿಗಳ ಹಿಕ್ಕೆ ನೋಡೋಣ. ಅವು ಹೆದರಿದ್ದರೆ ಮರಿ ಕಾಯಂ ಆಗಿ ಅಕ್ಕನ ಪಾಲು. ಆ ಫಲಿತಾಂಶ ಇವತ್ತು.

ಬೆಳಗಿನಿಂದ ಇಲಿಯತ್ತೆ ಒರೆಸಿದ ಮೇಜನ್ನೇ ಒರೆಸುತ್ತಿದ್ದಾರೆ. ಬಿಸಿಲು ಕಿಟಕಿಗೆ ಬರುವ ಹೊತ್ತಿಗೆ ಡಾಕ್ಟರಮ್ಮ ಬಾಗಿಲಲ್ಲಿ ನಿಂತು ಹೆಬ್ಬೆರಳು ಎತ್ತುತ್ತಾರೆ. "ಒಂದೂ ಹೆದರಿಲ್ಲ ಅತ್ತೆ, ಹಾಯಾಗಿವೆ." ಇಲಿಯತ್ತೆ ಕೂಗಲು ಬಾಯಿ ತೆರೆದವರು, ಇಲಿಗಳ ನೆನಪಾಗಿ ಗಪ್ಪನೆ ಮುಚ್ಚಿ, ಕಾರಿಡಾರು ದಾಟಿ ಓಡಿ, ಗೇಟಿನಾಚೆ ನಿಂತು "ಹೋ!" ಎಂದು ಕೂಗುತ್ತಾರೆ. ಕಾವಲುಗಾರ ಬೆಚ್ಚಿಬಿದ್ದು ಕುರ್ಚಿಯಿಂದ ಏಳುತ್ತಾನೆ. ನನಗೂ ಖುಷಿ ತಡೆಯಲಾಗುವುದಿಲ್ಲ.

ಕಿವಿ ಕೇಳದವರಿಗೆ ಆ ಮರಿಯ ಮೇಲೆ ಅಷ್ಟೇಕೆ ಆಸೆ ಎಂದು ಕೇಳುತ್ತೇನೆ. ಇಲಿಯತ್ತೆ ಕಣ್ಣೊರೆಸಿಕೊಳ್ಳುತ್ತಾರೆ.

"ಅದು ಮಿಯಾಂವ್ ಅಂದ್ರೆ ಅವ್ರಿಗೆ ಕೇಳ್ಸಲ್ಲ. ಎದೆ ಮೇಲೆ ಮಲಗಿ ಗುರುಗುಟ್ಟಿದ್ರೆ ಮಾತ್ರ ಕೈಗೆ ಗೊತ್ತಾಗುತ್ತೆ. ನನ್ ಕೈನೂ ಎಳ್ದು ಅಲ್ಲಿಟ್ಕೊಂಡು, 'ಕೇಳ್ಸ್ತಾ ನಿಂಗೆ?' ಅಂತಾರೆ."