ಅತ್ತೆ ಎತ್ತಿಕೊಂಡ ಬಿಯರ್ ಗ್ಲಾಸು

ನನ್ನ ಮುಂದಿದ್ದ ಬಿಯರ್ ಗ್ಲಾಸನ್ನು ಅತ್ತೆ ಎತ್ತಿಕೊಂಡರು.

ದಿಲ್ಲಿ ಪಕ್ಕದ ನಮ್ಮ ಗುಡಗಾಂವ್‌ನಲ್ಲಿ ಬಿಯರನ್ನು ಅಲ್ಲೇ ತಯಾರಿಸಿ ಕೊಡುವ ರೆಸ್ಟೋರೆಂಟುಗಳು ಈಚೆಗೆ ಶುರುವಾಗಿವೆ. ಮಾವ ತೀರಿಕೊಂಡ ಮೇಲೆ ನಮ್ಮ ಜೊತೆಗಿರುವ ಅತ್ತೆಗೆ ಆಫೀಸಿನ ನೆಪ ಹೇಳಿ, ವರ್ಷವೆಲ್ಲ ನಾನೂ ನನ್ನ ಗಂಡನೂ ಹೊಸ ಹೊಸ ಬಿಯರಿನ ರುಚಿ ನೋಡಿದ್ದೆವು. ಕಳೆದ ಭಾನುವಾರ ಅಂಥದೇ ಒಂದು ರೆಸ್ಟೋರೆಂಟಿಗೆ ಅತ್ತೆಯನ್ನು ಮಧ್ಯಾಹ್ನದ ಊಟಕ್ಕೆ ಕರೆದೊಯ್ದೆವು. ನಾನು ಹೇಳಿದ್ದು ಮೂಸಂಬಿ ಜ್ಯೂಸ್. ಆದರೆ ಗುರುತಿನ ವೇಟರ್, "ಮೇಡಂ, ಆಪ್‌ಕೀ ಫೇವರಿಟ್!" ಎಂದು ನಗುತ್ತಾ ಗೋಧಿ ಬಿಯರ್ ತಂದಿಟ್ಟುಬಿಟ್ಟ.

ಅತ್ತೆ ಗ್ಲಾಸನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದರು. ನಾನು ತಲೆ ತಗ್ಗಿಸಿ ಬೈಗುಳಕ್ಕೆ ಕಾದೆ.

"ನಿಮ್ಮ ಮಾವ ಕುಡಿದು ಬಂದ ದಿನ ಈ ವಾಸನೆ ತಡೀಲಾರದೆ ಮಗ್ಗುಲು ತಿರುಗಿ ಮಲಗ್ತಿದ್ದೆ ಕಣೇ. ಈಗ ಅವರ ಅಂಗಿಗಳಲ್ಲೂ ಅವರ ವಾಸನೆ ಉಳಿದಿಲ್ಲ," ಎಂದರು.

ಅತ್ತೆ ಒಂದು ಹನಿಯನ್ನೂ ಕುಡಿಯಲಿಲ್ಲ. ಊಟ ಮುಗಿಯುವವರೆಗೂ ಗ್ಲಾಸನ್ನು ತಮ್ಮ ಪಕ್ಕದಲ್ಲೇ ಇಟ್ಟುಕೊಂಡಿದ್ದರು. ನನ್ನ ಗಂಡ ಅವರ ಕೈ ಹಿಡಿದು ಕೂತಿದ್ದ.

ಮೊನ್ನೆ ಬಿಯರ್ ಕುಡಿದು ಮನೆಗೆ ಬಂದಾಗ, ವಾಸನೆ ಮರೆಸಲೆಂದು ಯಾವಾಗಲೂ ಅಗಿಯುತ್ತಿದ್ದ ಏಲಕ್ಕಿಯನ್ನು ನಾವು ಬಾಯಿಗೆ ಹಾಕಿಕೊಳ್ಳಲಿಲ್ಲ. ಬಾಗಿಲು ತೆಗೆದ ಅತ್ತೆ ಒಂದು ಗಳಿಗೆ ಮಗನ ಹತ್ತಿರ ನಿಂತು ಕಣ್ಣು ಮುಚ್ಚಿದರು.