ಯಾರ್ನ ಕೇಳಿ ಮಾಡಿದ್ರಿ?

ನನ್ನ ನಿವೃತ್ತಿಗೆ ಇನ್ನೂ ನಾಲ್ಕು ವರ್ಷ ಇದ್ದಾಗಿನ ಮಾತು. ದೆಹಲಿಯಲ್ಲಿ ಸಂಸದರ ಒಂದು ಸಮಿತಿಗೆ ನಾನು ಸಮಿತಿ ಅಧಿಕಾರಿಯಾಗಿದ್ದೆ. ಇಸವಿ ಬರೆಯುವುದಿಲ್ಲ. ಅಂದು ಸಭೆಯಲ್ಲಿದ್ದ ಕೆಲವರು ಇನ್ನೂ ಕುರ್ಚಿಯ ಮೇಲಿದ್ದಾರೆ, ಇದನ್ನು ಓದಿದರೆ ತಮ್ಮ ಗುರುತು ತಾವೇ ಹಿಡಿದಾರು. ನಾನು ಹುಟ್ಟಿ ಬೆಳೆದದ್ದು ಹೊಸಪೇಟೆಯ ಟಿ.ಬಿ. ಡ್ಯಾಂ ಕ್ವಾರ್ಟರ್ಸ್‌ನಲ್ಲಿ. ಅಪ್ಪ ಕಾಲುವೆಯ ತೂಬು ಎತ್ತಿ ಇಳಿಸುವ ನೌಕರಿಯವರು. ಕಚೇರಿಯಿಂದ ಚೀಟಿ ಬಾರದೆ ಯಾವ ದೊಡ್ಡ ಮನುಷ್ಯ ಬಂದು ಗದರಿಸಿದರೂ ಒಂದು ಇಂಚು ಎತ್ತುತ್ತಿರಲಿಲ್ಲ. ಅಪ್ಪನ ಆ ಮೊಂಡುತನ ನನಗೂ ಬಂದಿದೆ.

ನನ್ನ ಕೆಲಸ ಏನೆಂದು ಮೊದಲು ಹೇಳಬೇಕು. ಹೊರದೇಶದಿಂದ ಬರುವ ಸರಕಿನ ಮೇಲೆ ಎಷ್ಟು ಸುಂಕ ಹಾಕಬೇಕು ಎಂದು ತೀರ್ಮಾನಿಸುವ ಅಧಿಕಾರ ಮೂಲದಲ್ಲಿ ಸಂಸತ್ತಿನದು. ಆದರೆ ಬೆಲೆ ಏರಿಳಿದಾಗಲೆಲ್ಲ ಕಾನೂನು ತಿದ್ದುತ್ತ ಕೂರಲು ಆಗುವುದಿಲ್ಲ. ಅದಕ್ಕೇ ಕಾನೂನಿನಲ್ಲಿ ಸರ್ಕಾರಕ್ಕೆ ಒಂದು ಸಲುಗೆ ಕೊಟ್ಟಿದೆ. ಸಾರ್ವಜನಿಕ ಹಿತಕ್ಕೆ ಬೇಕೆನಿಸಿದರೆ ಒಂದೇ ಒಂದು ಅಧಿಸೂಚನೆ ಹೊರಡಿಸಿ ಸುಂಕ ಇಳಿಸಬಹುದು. ಸಲುಗೆಯ ಜೊತೆಗೆ ಷರತ್ತೂ ಇದೆ: ಆ ಅಧಿಸೂಚನೆಯನ್ನು ಎರಡೂ ಸದನಗಳ ಮುಂದೆ ಮೂವತ್ತು ದಿನ ಇಡಬೇಕು. ಇದಕ್ಕೆ ಮಂಡನೆ ಎನ್ನುತ್ತಾರೆ. ಎರಡೂ ಸದನಗಳು ಬೇಡವೆಂದರೆ ಅದನ್ನು ತಿದ್ದಬಹುದು, ಕಿತ್ತೂ ಹಾಕಬಹುದು. ಮಂಡಿಸದಿದ್ದರೆ ಅಧಿಸೂಚನೆ ತಾನಾಗಿ ಬಿದ್ದುಹೋಗುವುದಿಲ್ಲ, ಯಾರಾದರೂ ಹಿಡಿದು ಕೇಳಬೇಕು. ಕೇಳುವುದು ನಮ್ಮ ಸಮಿತಿಯ ಕೆಲಸ. ಸುಂಕ ಎಷ್ಟಿರಬೇಕು ಎಂಬ ನೀತಿಯ ವಿಷಯಕ್ಕೆ ಮಾತ್ರ ನಾವು ಕೈ ಹಾಕುವಂತಿಲ್ಲ.

ಒಂದು ದಿನ ಕಂಪ್ಲಿಯಿಂದ ಅರ್ಜಿ ಬಂತು. ಅಲ್ಲಿನ ಅಕ್ಕಿ ಗಿರಣಿಗಳ ತೌಡಿನಿಂದ ಎಣ್ಣೆ ತೆಗೆಯುವ ಒಂದು ಮಿಲ್ಲಿನಲ್ಲಿ ಚೀಲ ತುಂಬಿ ಹೊಲಿಯುತ್ತಿದ್ದ ಮೂವತ್ತೆಂಟು ಹೆಂಗಸರು ಬರೆದದ್ದು. ತಾಳೆ ಎಣ್ಣೆಯ ಆಮದು ಸುಂಕ ಏಕಾಏಕಿ ಇಳಿದು, ಹೊರಗಿನ ಅಗ್ಗದ ಎಣ್ಣೆ ನುಗ್ಗಿ, ತೌಡಿನ ಎಣ್ಣೆಯನ್ನು ಕೇಳುವವರೇ ಇಲ್ಲವಾಗಿತ್ತು. ತೌಡು ಇಟ್ಟರೆ ಕೆಡುತ್ತದೆ, ಒಳ್ಳೆಯ ಕಾಲ ಬರಲೆಂದು ಕಾಯುವ ವ್ಯಾಪಾರವಲ್ಲ ಅದು. ಮಾಲೀಕ ಬಾಗಿಲು ಹಾಕಿದ್ದ. ಅರ್ಜಿಯ ಮೇಲೆ ಅನುವಾದ ವಿಭಾಗದವರು ಒಂದು ಸಾಲಿನ ಸಾರಾಂಶ ಅಂಟಿಸಿದ್ದರು: ಸುಂಕ ಇಳಿಸುವ ಮುನ್ನ ತಮ್ಮೊಂದಿಗೆ ಸಮಾಲೋಚಿಸಲಿಲ್ಲ ಎಂಬುದು ಅರ್ಜಿದಾರರ ದೂರು. ಸಮಾಲೋಚಿಸಬೇಕೆಂದು ಕಾನೂನಿನಲ್ಲಿ ಎಲ್ಲೂ ಇಲ್ಲ. ನಾನು ಕೆಳಗಿನ ಹಾಳೆ ತಿರುಗಿಸದೆ, ‘ನೀತಿ ವಿಷಯ, ಕ್ರಮ ಬೇಕಿಲ್ಲ’ ಎಂದು ಬರೆದು ಸಹಿ ಹಾಕಿದೆ. ಹೊಸಪೇಟೆಯವಳು ನಾನು, ಕಂಪ್ಲಿಯ ಅರ್ಜಿ, ಅದೂ ಕನ್ನಡದಲ್ಲಿದ್ದದ್ದು, ಓದಲಿಲ್ಲ. ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಕೆಲವು ತಿಂಗಳ ನಂತರ ಸಮಿತಿಯ ಅಧ್ಯಯನ ಪ್ರವಾಸ ಹೊಸಪೇಟೆಗೇ ಬಂತು. ಆ ಭಾಗದ ಅರ್ಜಿದಾರರನ್ನೆಲ್ಲ ಕರೆದು ಮಾತಾಡಿಸುವುದು ವಾಡಿಕೆಯಾದ್ದರಿಂದ ಕಂಪ್ಲಿಗೂ ಪತ್ರ ಹೋಗಿತ್ತು. ಸಭೆ ಹತ್ತು ಗಂಟೆಗೆ. ಐದು ಮಂದಿ ಹೆಂಗಸರು ಮೊದಲ ಬಸ್ಸಿಗೆ ಬಂದು ಸಭಾಂಗಣದ ಕಟ್ಟೆಯ ಮೇಲೆ ಕೂತಿದ್ದರು. ಸದಸ್ಯರು ಹಂಪಿ ನೋಡಿಕೊಂಡು ವಾಪಸಾದಾಗ ಒಂದೂವರೆ. ಊಟ ಮುಗಿಸಿ ಕೂತ ಮೇಲೆ ಕಂಪ್ಲಿಯವರಿಗೆ ಉಳಿದದ್ದು ಹತ್ತು ನಿಮಿಷ. ಅನುವಾದಕರಿಗೆ ಜ್ವರ ಬಂದಿತ್ತು, ಕನ್ನಡ ಬಲ್ಲವಳೆಂದು ನನ್ನನ್ನೇ ಅವರ ಜಾಗದಲ್ಲಿ ಕೂರಿಸಿದರು.

ಐವರ ಪರವಾಗಿ ಎದ್ದು ನಿಂತವಳು ದುರುಗಮ್ಮ. ಐವತ್ತರ ಆಸುಪಾಸು, ಗಟ್ಟಿ ದನಿ. ಅವಳು ಬಾಯಿ ತೆರೆಯುವ ಮೊದಲೇ ಸುಂಕದ ಇಲಾಖೆಯಿಂದ ಬಂದಿದ್ದ ಹಿರಿಯ ಅಧಿಕಾರಿ ನನ್ನದೇ ಟಿಪ್ಪಣಿಯನ್ನು ಎತ್ತಿ ಓದಿದರು. “ಇವರನ್ನು ಕೇಳಿ ಸುಂಕ ಇಳಿಸಬೇಕೆಂಬ ನಿಯಮ ಇಲ್ಲ. ಇದು ನೀತಿಯ ವಿಷಯವೆಂದು ನಿಮ್ಮ ಕಚೇರಿಯೇ ಬರೆದಿದೆ.” ನಾನದನ್ನು ಕನ್ನಡಕ್ಕೆ ಹೇಳಿದೆ.

ದುರುಗಮ್ಮ ಅಧಿಕಾರಿಯನ್ನು ನೋಡಲಿಲ್ಲ, ನನ್ನನ್ನು ನೋಡಿದಳು. “ನಮ್ಮನ್ನ ಕೇಳ್ರಿ ಅಂತ ಎಲ್ಲಿ ಬರದೀವ್ರಿ ಮೇಡಮ್ಮೋರ? ಸರಿಯಾಗಿ ಓದ್ರಿ. ಯಾರ್ನ ಕೇಳಿ ಮಾಡಿದ್ರಿ ಅಂತ ಬರದೀವಿ.”

ಆಗ ಕಡತ ತೆಗೆದು ಅರ್ಜಿಯನ್ನು ಮೊದಲ ಬಾರಿ ಓದಿದೆ. ಕೊನೆಯ ಸಾಲು ಅದೇ ಇತ್ತು, ಕೆಳಗೆ ಎರಡು ಗೆರೆ ಎಳೆದಿದ್ದರು. ಅಧ್ಯಕ್ಷರು ವಯಸ್ಸಾದ ವಕೀಲರು, ಗಡಿಯಾರ ನೋಡುತ್ತ “ಮುಂದಿನವರು” ಎನ್ನುವುದರಲ್ಲಿದ್ದರು. ನಾನು ಎದ್ದು ನಿಂತೆ.

“ಅಧ್ಯಕ್ಷರೇ, ಸಾರಾಂಶ ತಪ್ಪಾಗಿದೆ. ತಪ್ಪಿಗೆ ಸಹಿ ಹಾಕಿದವಳು ನಾನು,” ಎಂದೆ. “ನಮ್ಮ ಕಡೆ ಪಕ್ಕದ ಮನೆಯವರು ಬಂದು ನಮ್ಮ ಅಂಗಳದಲ್ಲಿ ಎಮ್ಮೆ ಕಟ್ಟಿದರೆ, ಯಾರನ್ನು ಕೇಳಿ ಕಟ್ಟಿದೆ ಎನ್ನುತ್ತೇವೆ. ಅದು ಸಲಹೆ ಕೇಳಲಿಲ್ಲವೆಂಬ ದೂರಲ್ಲ. ಅಂಗಳ ಯಾರದು, ಅಪ್ಪಣೆ ಕೊಟ್ಟವರು ಯಾರು ಎಂಬ ಪ್ರಶ್ನೆ. ಸುಂಕ ಇಳಿಸುವ ಅಧಿಕಾರ ಕೊಟ್ಟದ್ದು ಸದನ. ಇಳಿಸಿದ್ದೇವೆಂದು ಸದನಕ್ಕೆ ಹೇಳಿದಿರಾ ಎಂದು ಇವರು ಕೇಳುತ್ತಿದ್ದಾರೆ. ಇದು ನೀತಿಯಲ್ಲ. ಇದು ನಮ್ಮ ಸಮಿತಿಯ ಕೆಲಸ.”

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. ಇಲಾಖೆಯವರ ಕಡೆ ತಿರುಗಿ ಒಂದೇ ಮಾತು ಕೇಳಿದರು: “ಈ ಅಧಿಸೂಚನೆ ಯಾವ ದಿನ ಮಂಡನೆಯಾಯಿತು?”

ಅಧಿಕಾರಿ ಕಡತ ಮಗುಚಿದರು. ಹಿಂದೆ ಕೂತವರ ಕಿವಿಯಲ್ಲಿ ಏನೋ ಕೇಳಿದರು. ಮತ್ತೆ ಕಡತ ಮಗುಚಿದರು. ಅಧಿಸೂಚನೆ ಹೊರಟ ಮೇಲೆ ಎರಡು ಅಧಿವೇಶನ ಕಳೆದಿದ್ದವು, ಎರಡರಲ್ಲೂ ಅದನ್ನು ಮಂಡಿಸಿರಲಿಲ್ಲ. “ಕಣ್ತಪ್ಪಿನಿಂದ ಉಳಿದಿದೆ,” ಎಂದರು. ನಾನು ಅದನ್ನೂ ಕನ್ನಡಕ್ಕೆ ಹೇಳಿದೆ.

“ನಮ್ಮ ಮಿಲ್ಲು ಮುಚ್ಚಿ ಮೂವತ್ತೆಂಟು ಮನಿ ಒಲಿ ಆರ್‍ಯಾವು,” ಎಂದಳು ದುರುಗಮ್ಮ, “ಇವ್ರಿಗೆ ಕಣ್ತಪ್ಪು ಅಂತ.” ಆ ಮಾತನ್ನು ಒಂದಕ್ಷರ ಬಿಡದೆ ಅನುವಾದಿಸಿದೆ.

ಹೊರಗೆ ಬಂದಾಗ ನನ್ನ ಮೇಲಧಿಕಾರಿಯಾಗಿದ್ದ ನಿರ್ದೇಶಕರು ಕಾದು ನಿಂತಿದ್ದರು. “ನಿಮ್ಮನ್ನು ಕೂರಿಸಿದ್ದು ಅನುವಾದ ಮಾಡಲಿಕ್ಕೆ, ವಕಾಲತ್ತಿಗಲ್ಲ,” ಎಂದರು. ದೆಹಲಿಗೆ ಹೋದ ಮೇಲೆ ನಡಾವಳಿಯ ಕರಡು ನನ್ನ ಮೇಜಿಗೆ ಬಂತು. ಸಭೆಯಲ್ಲಿ ಯಾರು ಏನು ಹೇಳಿದರು ಎಂಬುದರ ಅಧಿಕೃತ ದಾಖಲೆಯೇ ನಡಾವಳಿ. ಅದರಲ್ಲಿ ‘ಅರ್ಜಿದಾರರು ತಮ್ಮ ಕಷ್ಟ ತೋಡಿಕೊಂಡರು’ ಎಂದಷ್ಟೇ ಇತ್ತು. ದುರುಗಮ್ಮನ ಪ್ರಶ್ನೆ ಇಲ್ಲ, ಅಧ್ಯಕ್ಷರ ಪ್ರಶ್ನೆ ಇಲ್ಲ, ಕಣ್ತಪ್ಪೂ ಇಲ್ಲ. ಅದು ಹಾಗೆಯೇ ಹೋಗಿದ್ದರೆ ವಿಷಯ ಅಲ್ಲಿಗೇ ಮಣ್ಣು ಪಾಲು.

“ಸಣ್ಣ ವಿಷಯ, ಸಹಿ ಹಾಕಿ ಕಳಿಸಿ,” ಎಂದರು ನಿರ್ದೇಶಕರು.

“ಒಮ್ಮೆ ಓದದೆ ಹಾಕಿದ್ದೇನೆ ಸರ್. ಈಗ ಓದಿದ್ದೇನೆ, ಹಾಕುವುದಿಲ್ಲ,” ಎಂದೆ.

ಬಡ್ತಿಯ ಪಟ್ಟಿ ಬರುವ ಹೊತ್ತು ಅದು ಎಂದು ಅವರು ನೆನಪಿಸಿದರು. ನನಗೂ ಗೊತ್ತಿತ್ತು. ಮನೆಗೆ ಹೋಗಿ ಅತ್ತೆನೆಂದು ಹೇಳಿದರೆ ಸುಳ್ಳಾಗುತ್ತದೆ. ನಡೆದದ್ದನ್ನೆಲ್ಲ ಬರೆದು, ನನ್ನ ತಪ್ಪನ್ನೂ ಸೇರಿಸಿ, ಎರಡು ಪುಟದ ಟಿಪ್ಪಣಿಯನ್ನು ಅಧ್ಯಕ್ಷರಿಗೇ ಕಳಿಸಿದೆ. ವಾರದೊಳಗೆ ನನ್ನನ್ನು ಹಳೆಯ ದಾಖಲೆಗಳ ವಿಭಾಗಕ್ಕೆ ವರ್ಗ ಮಾಡಿದರು. ಬಡ್ತಿ ಬರಲಿಲ್ಲ, ಕೊನೆಯವರೆಗೂ ಬರಲಿಲ್ಲ. ಆದರೆ ಅಧ್ಯಕ್ಷರು ನಡಾವಳಿಯನ್ನು ತಿದ್ದಿಸಿದರು. ಸಮಿತಿಯ ವರದಿಯಲ್ಲಿ ‘ಯಾರ್ನ ಕೇಳಿ ಮಾಡಿದ್ರಿ’ ಎಂಬ ಸಾಲು ಕನ್ನಡ ಅಕ್ಷರಗಳಲ್ಲೇ ಅಚ್ಚಾಯಿತು, ಕೆಳಗೆ ಅರ್ಥ ಸಮೇತ. ಮುಂದಿನ ಅಧಿವೇಶನದಲ್ಲಿ ಇಲಾಖೆ ಆ ಅಧಿಸೂಚನೆಯನ್ನು, ತಡವಾದದ್ದು ಏಕೆಂಬ ವಿವರಣೆಯ ಜೊತೆಗೆ, ಸದನದ ಮುಂದೆ ತಂದಿಟ್ಟಿತು. ಒಬ್ಬ ಸದಸ್ಯರು ಸುಂಕ ಮತ್ತೆ ಏರಿಸಲು ತಿದ್ದುಪಡಿ ಸೂಚಿಸಿದರು, ಚರ್ಚೆಯಾಯಿತು, ಮತಕ್ಕೆ ಹಾಕಿದಾಗ ಬಿದ್ದುಹೋಯಿತು. ಸುಂಕ ಇಳಿದಲ್ಲೇ ಉಳಿಯಿತು.

ನಿವೃತ್ತಿಯಾಗಿ ಊರಿಗೆ ಬಂದ ಮೇಲೆ ಕಂಪ್ಲಿಗೆ ಹೋಗಿ ದುರುಗಮ್ಮನನ್ನು ಹುಡುಕಿದೆ. ಒಂದು ಅಕ್ಕಿ ಗಿರಣಿಯಲ್ಲಿ ದಿನಗೂಲಿಗಿದ್ದಳು. ತೌಡಿನ ಮಿಲ್ಲಿನ ಬೀಗ ಹಾಗೇ ಇತ್ತು. “ಕುಂದ್ರಿ ಅಕ್ಕಾ,” ಎಂದು ಚೀಲ ಝಾಡಿಸಿ ಹಾಸಿದಳು. ನಡೆದದ್ದನ್ನೆಲ್ಲ ಹೇಳಿದೆ, ಸೋತದ್ದನ್ನೂ ಹೇಳಿದೆ.

“ಸುಂಕ ಏರಸಲಿಲ್ಲ ಅಂದಂಗಾತು.”

“ಇಲ್ಲವ್ವಾ. ಆದ್ರ ಈಗ ಇಂಥ ಕಾಗದ ಹೊರಡಿಸಿದ್ರ ಜಲ್ದಿ ಒಯ್ದು ಸದನದ ಮುಂದ ಇಡ್ತಾರ. ಇಡದಿದ್ರ ಕೇಳ್ತಾರ ಅಂತ ಗೊತ್ತಾಗೈತಿ.”

“ಹಂಗಾರ ಅವ್ರು ಸೋತಿಲ್ಲ, ನಾವೂ ಸೋತಿಲ್ಲ. ಮತ್ತ ಇಳಿಸ್ಯಾರಂತಲ್ಲ ಮೊನ್ನಿ?” ಎಂದಳು. ನಿಜ, ಹಿಂದಿನ ತಿಂಗಳು ಇನ್ನೊಂದು ಅಧಿಸೂಚನೆ ಹೊರಟಿತ್ತು.

ಮೂವತ್ತೆರಡು ವರ್ಷದ ನೌಕರಿ ನನಗೆ ಕಲಿಸಿದ್ದು ಇಷ್ಟೇ: ಎಷ್ಟು ದೊಡ್ಡ ಅಧಿಕಾರವಾದರೂ ಯಾರೋ ಕೊಟ್ಟದ್ದು, ಕೊಟ್ಟವರ ಹೆಸರು ಹಿಡಿದು ಕೇಳುತ್ತಲೇ ಇರಬೇಕು. ಒಮ್ಮೆ ಕೇಳಿ ಬಿಟ್ಟರೆ ಅವರಿಗೆ ಮತ್ತೆ ಕಣ್ತಪ್ಪುತ್ತದೆ.

ಈ ಅಧಿಸೂಚನೆ ಸದನದ ಮುಂದೆ ಬಂತೇ ಎಂದು ಕೇಳಿ, ಚೀಲದ ಮೇಲೆ ಕೂತೇ ಇಬ್ಬರೂ ಹೊಸ ಅರ್ಜಿ ಬರೆದೆವು. ಅವಳು ಹೇಳಿದಳು, ನಾನು ಬರೆದೆ. ಅವಳ ಸಹಿಯ ಕೆಳಗೆ, ಈ ಸಲ ಅರ್ಜಿದಾರಳಾಗಿ, ನನ್ನ ಹೆಸರು ಹಾಕಲು ಪೆನ್ನು ಎತ್ತಿದಾಗ ದುರುಗಮ್ಮ ಹಾಳೆಯ ಮೇಲೆ ಕೈ ಇಟ್ಟಳು.

“ಅಕ್ಕಾ, ಮೊದ್ಲು ಓದ್ರಿ. ಆಮ್ಯಾಲ ಸಹಿ ಹಾಕ್ರಿ.”